ನೀಲಿ ಮೆತ್ತೆ

ಮೇ ೫, ಬೆಳಿಗ್ಗೆ

ಇವತ್ತೂ ಚಂದ್ರಂಪಳ್ಳಿ ಡ್ಯಾಮಿನ ಏರಿ ಮೇಲೆ ಓಟ. ಅರ್ಧಕ್ಕೇ ಮೊಣಕಾಲ ಕೆಳಗಿನ ಎಲುಬು ಸುಡತೊಡಗಿತು. ಮಿಲಿಟರಿಯಿಂದ ರಿಟೈರ್ ಆಗಿ ಬಂದು ನಮಗೆ ಟ್ರೇನಿಂಗ್ ಕೊಡುವ ಗೊಲ್ಲಾಳಪ್ಪ ಸರ್, ನೋವು ಎಂದವರನ್ನು ಕೂರಿಸಿಬಿಡುತ್ತಾರೆ. ಜೂನ್ ಕೊನೆಗೆ ಆರ್ಮಿ ರ‍್ಯಾಲಿ. ಕೂತರೆ ಹೇಗೆ? ಅದಕ್ಕೇ ನೋವಾದಾಗಲೆಲ್ಲ ನಗುತ್ತೇನೆ. ಸರ್ ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು.

ನನ್ನ ಜೊತೆ ಓಡುವ ಗೆಳತಿ ಸುಶ್ಮಿತಾಗೆ ಅವಳ ಕಾಕಾ ಶೂ ಒಳಗೆ ಹಾಕುವ ಇನ್‌ಸೋಲ್ ಕಳಿಸಿದ್ದಾರೆ. ನೀಲಿ ಮೆತ್ತೆಗಳು. ಬಂದ ದಿನವೇ ಒಂದು ಮೆತ್ತೆಯ ಹಿಮ್ಮಡಿಯನ್ನು ಅವಳ ಮನೆಯ ನಾಯಿಮರಿ ಕಡಿದಿದೆ. ಹೊಟ್ಟೆ ಹಿಡಿದು ನಕ್ಕೆವು.

"ನೀ ಹಾಕ್ಕೋ ಮೈತ್ರಿ. ನಿನ್ನ ಕಾಲು ನೋಯ್ಲಿಕತ್ತಾವ, ನನಗ ಗೊತ್ತದ."

"ನಿನ್ನ ದಾನ ನನಗ್ಯಾಕವ್ವ? ಗಟ್ಟಿ ಅವ ನನ್ನ ಕಾಲು."

ಸೊಕ್ಕು ನನಗೆ.

ಮೇ ೧೨, ಬುದ್ಧ ಪೂರ್ಣಿಮೆ

ಓಟಕ್ಕೆ ಮೊದಲು ಬುದ್ಧ ವಿಹಾರಕ್ಕೆ ಹೋದೆ. ಶೂ ಹೊರಗೆ ಬಿಟ್ಟು ಅವ್ವನ ಪಕ್ಕ ಕುಳಿತೆ. ಬುದ್ಧಂ ಸರಣಂ ಗಚ್ಛಾಮಿ... ಕಣ್ಣು ಮುಚ್ಚಿದರೆ ಬರೀ ನೀರು. ಅದರ ಮೇಲೆ ನಡೆಯುತ್ತಿದ್ದೇನೆ, ಕಾಲಿಗೆ ಭಾರವೇ ಇಲ್ಲ. ಅವ್ವ ತಿವಿದಳು. ಗೊರಕೆ ಹೊಡೆದೆನಂತೆ!

ಹೊರಗೆ ಸುಶ್ಮಿತಾ ಮೆಟ್ಟಿಲ ಮೇಲೆ, ನನ್ನ ಶೂ ಪಕ್ಕ ಕಾಯುತ್ತಿದ್ದಳು. "ಲಗೂ ಬಾ, ಸರ್ ಬೈತಾರ."

ಆಮೇಲೆ ಏರಿ ಮೇಲೆ... ಓಡಲಿಲ್ಲ, ತೇಲಿದೆ. ಕನಸು ಇನ್ನೂ ಮುಗಿದಿರಲಿಲ್ಲವೇನೋ.

ಮೇ ೨೦

ನೋವು ಭಾಳ ಕಡಿಮೆ. "ನಾ ಹಚ್ಚಿದ ಎಣ್ಣಿ ಗುಣ" ಎಂದಳು ಅವ್ವ. ಇರಲಿ, ಅವಳಿಗೂ ಖುಷಿ.

ಸುಶ್ಮಿತಾ ಮಾತ್ರ ಹಿಂದೆ ಬೀಳುತ್ತಿದ್ದಾಳೆ. ಸೋಮಾರಿ ಎಂದು ಕಾಡಿಸಿದೆ. ನಕ್ಕಳು. ನೋವಾದಾಗ ನಾನು ನಗುತ್ತಿದ್ದೆನಲ್ಲ, ಹಾಗೆ... ಛೆ, ಅವಳಿಗೇನು, ಮೆತ್ತೆ ಇದೆ.

ಜೂನ್ ೬

ಸುಶ್ಮಿತಾ ಓಡುತ್ತಲೇ ಕುಸಿದಳು. ಎಕ್ಸ್‌ರೇಯಲ್ಲಿ ಎಲುಬಿಗೆ ಸಣ್ಣ ಬಿರುಕು. ರ‍್ಯಾಲಿ ಇಲ್ಲ ಅವಳಿಗೆ.

ಜೂನ್ ೯

ಮಳೆ. ಶೂ ತೊಯ್ದಿದ್ದವು. ಒಣಗಿಸಲೆಂದು ಒಳಗಿನ ಹಳೆಯ ಅಟ್ಟೆ ಎಳೆದೆ. ಅದರ ಕೆಳಗೆ ನೀಲಿ. ಹಿಮ್ಮಡಿಯಲ್ಲಿ ನಾಯಿಮರಿಯ ಹಲ್ಲಿನ ಗುರುತು.

ವಿಹಾರದ ಮೆಟ್ಟಿಲು ನೆನಪಾಯಿತು. ಮೆತ್ತೆಗಳನ್ನು ಹಿಡಿದು ಬರಿಗಾಲಲ್ಲೇ ಸುಶ್ಮಿತಾ ಮನೆಗೆ ಓಡಿದೆ. ಅವಳ ಅವ್ವ ಹೀರಾಬಾಯಿ, "ಕುಂದ್ರವಾ, ಚಾ ಕುಡಿ" ಎನ್ನುತ್ತಿದ್ದರೂ ನಿಲ್ಲದೆ ಒಳಗೆ ಹೋದೆ.

"ಯಾಕ ಹಿಂಗ ಮಾಡ್ದಿ? ನಿನ್ನ ಕಾಲೂ ನೋಯ್ತಿದ್ವು. ಅದಕ್ಕೇ ಕಾಕಾ ಕಳಿಸಿದ್ದು, ಹೌದಿಲ್ಲೋ?"

"ಕೊಟ್ರ ನೀ ಎಲ್ಲಿ ತಗೋತಿದ್ದಿ? ಇಬ್ರೂ ಬೀಳೋದಕಿಂತ ಒಬ್ಬಾಕಿ ರ‍್ಯಾಲಿಗೆ ಹೋಗ್ಲಿ ಅಂದೆ. ನಾ ಮುಂದಿನ ವರ್ಷ ಬರ್ತೀನಿ ತಗೋ."

ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಇಬ್ಬರಿಗೂ ಗೊತ್ತು. ಅವಳ ಮಡಿಲಲ್ಲಿ ಬಿದ್ದು ಅತ್ತೆ. ಸಿಟ್ಟು, ನಾಚಿಕೆ, ಅವಳ ಮೇಲಿನ ಪ್ರೀತಿ... ಎಲ್ಲ ಒಟ್ಟಿಗೇ. ಮೆತ್ತೆಗಳನ್ನು ಅಲ್ಲೇ ಬಿಟ್ಟು ಬಂದೆ.

ಜೂನ್ ೧೬

ಸರ್ ಮುಂದೆ ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ. "ಮೊದ್ಲೇ ಹೇಳಿದ್ರ ಇಬ್ರಿಗೂ ರೆಸ್ಟ್ ಕೊಡ್ತಿದ್ನಲ್ಲವಾ" ಎಂದರು.

ಓಟ ಕಡಿಮೆ ಮಾಡಿಸಿದ್ದಾರೆ. ಎಲುಬಿಗೆ ಭಾರ ಬೀಳದಿರಲೆಂದು ಡ್ಯಾಮಿನ ಅಂಚಿಗೆ, ಸೊಂಟದವರೆಗಿನ ನೀರಿನಲ್ಲಿ ನಡೆಸುತ್ತಾರೆ. ಸುಶ್ಮಿತಾ ದಡದಲ್ಲಿ ಕಾಲು ಚಾಚಿ ಕುಳಿತಿರುತ್ತಾಳೆ. ಆಕಾಶ ಯಾವುದು, ನೀರು ಯಾವುದು ತಿಳಿಯುವುದಿಲ್ಲ.

ಜೂನ್ ೨೭, ರ‍್ಯಾಲಿ ಮೈದಾನ, ನಸುಕು

ಎಲ್ಲ ಕನಸಿನಂತಿದೆ. ಲೈಟು, ಧೂಳು, ಸೀಟಿ, ಸಾಲುಸಾಲು ಹುಡುಗಿಯರು. ಬ್ಯಾಗ್ ತೆರೆದರೆ ಬಟ್ಟೆಯ ನಡುವೆ ನೀಲಿ ಮೆತ್ತೆಗಳು. ಸುಶ್ಮಿತಾ ನಮ್ಮವ್ವನ ಕೈಯಿಂದ ಇಡಿಸಿದ್ದಾಳೆ. ಫೋನ್ ಮಾಡಿದೆ.

"ಸೊಕ್ಕು ಮಾಡಬ್ಯಾಡ. ಹಾಕ್ಕೋ. ನಾನೂ ಒಂದೀಟು ಓಡಿದಂಗ ಆಗ್ತದ."

ಈ ಸಲ ನನ್ನ ಕೈಯಾರೆ ಹಾಕಿಕೊಂಡೆ. ನಾಯಿಮರಿ ಕಡಿದದ್ದು ಎಡಗಾಲಿನ ಮೆತ್ತೆ. ಹಿಮ್ಮಡಿಗೆ ಆ ತಗ್ಗು ಗೊತ್ತಾಗುತ್ತದೆ.

ನಮ್ಮ ಬ್ಯಾಚ್ ಕರೆದರು. ಸುಶ್ಮಿ, ನೀನೂ ಲಗೂ ಬಾ, ಸರ್ ಬೈತಾ...