ನನ್ನ ಗಂಡನ ಬಾಲ್ಯವನ್ನು ದಯವಿಟ್ಟು ಮೈಕಿನಿಂದ ಕೆಳಗಿಳಿಸಿ

ಮಾನ್ಯ ಕ್ರೀಡಾ ಇಲಾಖೆಯ ನಿರ್ದೇಶಕರೇ,

ನನ್ನ ಗಂಡ ಬಾಕ್ಸಿಂಗ್ ರಿಂಗ್ ಹತ್ತಿದಾಗಲೆಲ್ಲ ಅವನಿಗೆ ಮೊದಲ ಏಟು ಕೊಡುವವರು ಎದುರಾಳಿಯಲ್ಲ, ತಾವು. ಅವನ ಬಾಲ್ಯದ ಬಗೆಗಿನ ತಮ್ಮ ಪರಿಚಯ ಭಾಷಣವನ್ನು ನಿಲ್ಲಿಸಿ ಎಂದು ಕೇಳಲು ತಮ್ಮ ಕಚೇರಿಗೇ ಬಂದಿದ್ದೆ. ಪ್ರಯೋಜನವಾಗಲಿಲ್ಲ. ಹಾಗಾಗಿ ಊರೆಲ್ಲ ಓದುವ ಪತ್ರಿಕೆಯಲ್ಲೇ ಕೇಳುತ್ತಿದ್ದೇನೆ.

ನಾನು ನಿಷ್ಪಕ್ಷಪಾತಿಯಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದುವೆಯಾಗಿ ಇನ್ನೂ ಎರಡು ತಿಂಗಳು. ಅವನು ಹಲ್ಲುಜ್ಜುವುದನ್ನೂ ಬಾಗಿಲಿಗೆ ಒರಗಿ ನಿಂತು ನೋಡುವ ಹಂತದಲ್ಲಿದ್ದೇನೆ. ಒಮ್ಮೆ ಮುರಿದು ಸ್ವಲ್ಪ ಎಡಕ್ಕೆ ಕೂಡಿಕೊಂಡ ಅವನ ಮೂಗು ನನಗೆ ಜಗತ್ತಿನ ಅತಿ ಸುಂದರ ಮೂಗು. ಆದರೂ ಅವನನ್ನು ಮೆಚ್ಚುವುದರಲ್ಲಿ ತಮ್ಮನ್ನು ಮೀರಿಸಲು ನನ್ನಿಂದಾಗಿಲ್ಲ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. 'ನಿರ್ಗತಿಕ' ಎಂಬ ಪದವನ್ನು ಮೊದಲು ಕೇಳಿದ್ದೇ ತಮ್ಮ ಭಾಷಣದಲ್ಲಿ. ಏನೋ ದೊಡ್ಡ ಪ್ರಶಸ್ತಿ ಎಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಮೊನ್ನೆಯ ಸೆಮಿಫೈನಲ್ ನೆನಪಿದೆಯೇ? ಕುಣಿದು ಮೈ ಬಿಸಿ ಮಾಡಿಕೊಂಡು ಬಂದವನನ್ನು ರಿಂಗಿನ ನಡುವೆ ನಿಲ್ಲಿಸಿ, ಗ್ಲೌಸ್ ಹಾಕಿದ ಕೈಗಳಿಗೆ ಹೂಗುಚ್ಛ ಕೊಟ್ಟಿರಿ. ಬೆರಳೇ ಇಲ್ಲದ ಕೈಯಲ್ಲಿ ಅದನ್ನು ಹಿಡಿಯುವುದಾದರೂ ಹೇಗೆ? ಎಳೆಗೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ನಿಂತ. ತಾವು ಕುಡುಕ ತಂದೆಯಿಂದ ಶುರುಮಾಡಿ, ಹರಿದ ಅಂಗಿಯನ್ನು ದಾಟಿ, ಬೀದಿದೀಪದ ಕೆಳಗಿನ ಓದಿನವರೆಗೆ ಬಂದಿರಿ. ಅವನು ಬೀದಿದೀಪದ ಕೆಳಗೆ ಓದಲಿಲ್ಲ ಸ್ವಾಮಿ. ಮನೆಯ ದೀಪದ ಕೆಳಗೂ ಓದಲಿಲ್ಲ, ಆ ಮಾತು ಬೇರೆ. ಅಷ್ಟರಲ್ಲಿ ಅವನ ಬೆವರು ಆರಿ ಮೈ ತಣ್ಣಗಾಗಿತ್ತು, ಎದುರಾಳಿ ಗ್ಲೌಸಿನಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದ. ಮೊದಲ ಸುತ್ತಿನಲ್ಲಿ ಆತ ಹೊಡೆದನೋ ಮೈ ಸವರಿದನೋ ಯಾರಿಗೂ ತಿಳಿಯಲಿಲ್ಲ. ಗೆದ್ದು ಮನೆಗೆ ಬಂದವನು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅವ್ನು ಪಾಪ ಅಂತ ಮೆಲ್ಲಗೆ ಹೊಡೆದ ಕಣೇ. ಹಿಂಗೆ ಗೆದ್ರೆ ಅದು ಗೆದ್ದಂಗಾ?"

ಇಷ್ಟೇ ಆಗಿದ್ದರೆ ನಕ್ಕು ಮರೆಯುತ್ತಿದ್ದೆ. ಅಂದು ತಾವು ಭಾಷಣಕ್ಕೆ ಹೊಸದೊಂದು ಸಾಲು ಸೇರಿಸಿದಿರಿ: "ಈ ಜಗತ್ತಿನಲ್ಲಿ ತನ್ನವರು ಎನ್ನುವವರು ಒಬ್ಬರೂ ಇಲ್ಲದೆ ಬೆಳೆದ ಹುಡುಗ." ಮೂರನೆಯ ಸಾಲಿನಲ್ಲಿ, ನನ್ನ ಪಕ್ಕದಲ್ಲಿ, ಲಾಂಡ್ರಿ ಅಂಗಡಿಗೆ ಬೀಗ ಹಾಕಿ ಬಂದು ಕೂತಿದ್ದವರು ಅವನ ಅಕ್ಕ. ತಂದೆ ಬೆಲ್ಟ್ ಬಿಚ್ಚಿದ ಒಂದು ದಿನ ಪುಟ್ಟ ತಮ್ಮನ ಕೈ ಹಿಡಿದು ಮನೆ ಬಿಟ್ಟಾಗ ಅವರಿಗೆ ಹದಿನೇಳು. ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿ, ಅದರ ಹಿಂದಿನ ಕೋಣೆಯಲ್ಲಿ, ಇಸ್ತ್ರಿಯ ಹಬೆಯಲ್ಲಿ ಅವನನ್ನು ಬೆಳೆಸಿದರು. ಹೋಂವರ್ಕ್ ಮಾಡದಿದ್ದರೆ ಒದ್ದೆ ಟವೆಲ್ ಉಂಡೆಕಟ್ಟಿ ಎಸೆಯುತ್ತಿದ್ದರು. ಕೂದಲೆಳೆಯಲ್ಲಿ ತಲೆ ತಪ್ಪಿಸುವ ಅವನ ಚಳಕವನ್ನು ತಾವು ದೈವದತ್ತ ಎನ್ನುತ್ತೀರಲ್ಲ, ಅದು ಟವೆಲ್‌ದತ್ತ. ಕೋಚ್ ಬಂದದ್ದು ಆಮೇಲೆ.

ಇನ್ನೊಂದು ವಿಷಯವನ್ನು ತಾವು ಎಂದೂ ಹೇಳುವುದಿಲ್ಲ. ಸುತ್ತು ಮುಗಿಯಿತೆಂದು ಗಂಟೆ ಬಾರಿಸಿದ ಕ್ಷಣ, ಅರ್ಧ ದಾರಿಯಲ್ಲಿದ್ದರೂ, ಅವನ ಕೈ ನಿಂತುಬಿಡುತ್ತದೆ. ಏಟು ತಿಂದು ಬೆಳೆದವನ ಕೈ ಅದು. ಆ ನಿಂತ ಕೈಯನ್ನು ನೋಡಿಯೇ ನಾನು ಮರುಳಾದದ್ದು. ಇದನ್ನು ಅವನಿಗೆ ಕಲಿಸಿದ್ದು ಕಷ್ಟ ಎನ್ನುತ್ತೀರಾ? ಕಷ್ಟಕ್ಕೆ ಅಷ್ಟು ಒಳ್ಳೆಯ ಬುದ್ಧಿ ಎಲ್ಲಿಂದ ಬರಬೇಕು? ಕಲಿಸಿದ್ದು ಅಕ್ಕ.

ತಮ್ಮ ಹೊಸ ಸಾಲು ಕೇಳಿ ಅವರು ಚೀಲ ತೆಗೆದುಕೊಂಡು ಎದ್ದರು.

"ಎಲ್ಲಿಗೆ ಅಕ್ಕ?"

"ಅಂಗಡಿಗೆ ಕಣಮ್ಮ. ಅಷ್ಟು ದೊಡ್ಡವರು ಮೈಕಲ್ಲಿ ಹೇಳಿದ್ಮೇಲೆ ನಿಜಾನೇ ಇರ್ಬೇಕು. ಇಷ್ಟು ವರ್ಷ ನಾನು ಯಾರ ಮನೆ ಹುಡುಗನ್ನ ಸಾಕಿದ್ನೋ ಏನೋ."

ಒಂದು ಪಂದ್ಯವನ್ನೂ ತಪ್ಪಿಸದವರು ಈಗ ಭಾನುವಾರದ ಫೈನಲ್‌ಗೆ ಬರುವುದಿಲ್ಲ ಎಂದು ಕೂತಿದ್ದಾರೆ. "ನೀನು ಬರ್ದಿದ್ರೆ ನಾನು ರಿಂಗ್ ಹತ್ತಲ್ಲ" ಎಂದು ಇವನು ಹಟ ಹಿಡಿದ. "ಹತ್ತದಿದ್ರೆ ಒಳ್ಳೇದೇ ಆಯ್ತು, ಹೋಟೆಲ್ ಬೆಡ್‌ಶೀಟ್ ಬಂದಿವೆ, ಮಡಚು ಬಾ" ಎಂದರು ಅಕ್ಕ. ಅಷ್ಟನ್ನೂ ಮಡಚಿಟ್ಟು ಬಂದು ಮೂಲೆಯಲ್ಲಿ ಕೂತಿದ್ದಾನೆ. ಪ್ರಾಕ್ಟೀಸಿಗೂ ಹೋಗಿಲ್ಲ.

ಇದನ್ನೆಲ್ಲ ತಮ್ಮ ಕಚೇರಿಯಲ್ಲಿ ವಿವರಿಸಿದಾಗ ತಾವು ಅಕ್ಕರೆಯಿಂದಲೇ ಹೇಳಿದಿರಿ: "ಅಕ್ಕ ಇದ್ರು ಅಂದ್ರೆ ಕಥೆ ಸಪ್ಪೆ ಆಗುತ್ತಮ್ಮ. ಜನರ ಕಣ್ಣಲ್ಲಿ ನೀರು ಬರೋದು ಬೇಡ್ವಾ?" ಬೇಡ. ಜನ ಟಿಕೆಟ್ ಕೊಂಡು ಬರುವುದು ಬಾಕ್ಸಿಂಗ್ ನೋಡಲು. ಅಳುವುದಕ್ಕೆ ಅವರವರ ಮನೆಯಲ್ಲೇ ಬೇಕಾದಷ್ಟು ಅನುಕೂಲವಿದೆ.

ನನ್ನ ಬೇಡಿಕೆ ಇಷ್ಟು. ಭಾಷಣ ನಿಲ್ಲಲಿ. ಮತ್ತು ಭಾನುವಾರದೊಳಗೆ ತಾವೇ ಲಾಂಡ್ರಿಗೆ ಹೋಗಿ ಅಕ್ಕನನ್ನು ಫೈನಲ್‌ಗೆ ಕರೆಯಿರಿ. "ಇಲ್ಲ ಅಂದವರೇ ಬಂದು ಇದ್ದೀಯ ಅಂತ ಹೇಳ್ಲಿ, ಆಮೇಲೆ ನೋಡೋಣ" ಎಂದಿದ್ದಾರೆ. ಬೆಳಗ್ಗೆಯೇ ಹೋಗಿ, ಆಮೇಲೆ ಗಿರಾಕಿಗಳ ನೂಕುನುಗ್ಗಲು. ಅವರು ತಲೆಯೆತ್ತಿ ನೋಡುವುದಿಲ್ಲ, ಬೇಸರಿಸಬೇಡಿ. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರೆ ಕೇಳಿಸಿಕೊಳ್ಳುತ್ತಿದ್ದಾರೆ ಎಂದರ್ಥ. ಆಗ ಒಂದೇ ಒಂದು ವಾಕ್ಯ ಹೇಳಿ. ತಮಗೆ ಅಭ್ಯಾಸವಿಲ್ಲ ಎಂದು ಬಲ್ಲೆ, ಆದರೂ ಪ್ರಯತ್ನಿಸಿ.

ಇಂತಿ,
ತಮ್ಮ ಭಾಷಣದ ಪ್ರಕಾರ ತನ್ನವರು ಒಬ್ಬರೂ ಇಲ್ಲದ ಬಾಕ್ಸರ್‌ನ ಹೆಂಡತಿ