ಬೆಲ್ಲ ಹಾಕದ ಹೇರಳೆ ಗೊಜ್ಜು

ಭೇರ್ಯ,
೧೪ ಡಿಸೆಂಬರ್ ೨೦೨೪

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಸೊಸೆ ಪುಷ್ಪಾಳ ನಮಸ್ಕಾರ.

ಹೇಗಿದ್ದೀರಿ? ಕಂಪಲಾಪುರದ ಚಳಿಗೆ ಮಂಡಿನೋವು ಜಾಸ್ತಿಯಾಗಿಲ್ಲ ತಾನೇ? ಶುಗರ್ ಮಾತ್ರೆ ನುಂಗುತ್ತಿದ್ದೀರಾ? ಬೈಯಬೇಡಿ, ಕೇಳದೆ ಇರಲು ನನ್ನಿಂದ ಆಗುವುದಿಲ್ಲ. ಫೋನ್ ಮಾಡಿದರೆ ನಾನು ಹಲೋ ಅನ್ನುವ ಮೊದಲೇ ಮೊಮ್ಮಗಳು ಪುಟ್ಟಿಯ ಕೈಗೆ ಕೊಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ನಾಳೆ ನಿಮ್ಮ ಮಗ ಆ ಕಡೆ ಬರುತ್ತಾರೆ, ಅವರ ಕೈಲಿ ಕಳಿಸುತ್ತಿದ್ದೇನೆ. ಇಲ್ಲಿ ಎಲ್ಲ ಚೆನ್ನಾಗಿದೆ. ಭತ್ತದ ಒಕ್ಕಣೆ ಮುಗಿಯಿತು, ಕೆಂದಹಸು ಹೆಣ್ಣುಗರು ಹಾಕಿದೆ. ಹಿತ್ತಲಿನ ಹೇರಳೆ ಗಿಡವಂತೂ ಕೊಂಬೆ ನೆಲಕ್ಕೆ ತಾಗುವಷ್ಟು ಕಾಯಿ ಬಿಟ್ಟಿದೆ. ನೀವಿಲ್ಲದಾಗಲೇ ಅದಕ್ಕೆ ಇಷ್ಟು ಹುಮ್ಮಸ್ಸು ಬರಬೇಕೇ!

ಆ ಹೇರಳೆಯಿಂದಲೇ ಅಲ್ಲವೇ ನಮ್ಮಿಬ್ಬರ ಜಗಳ. ನಿಂಬೆ, ಕಿತ್ತಳೆ, ಹೇರಳೆ ತಿಂದರೆ ಸಕ್ಕರೆ ಕಾಯಿಲೆ ಓಡಿಹೋಗುತ್ತದೆ ಎಂದು ಯಾರೋ ಹೇಳುವ ವಿಡಿಯೊವನ್ನು ನಿಮ್ಮ ಮಗ ಫೋನಿನಲ್ಲಿ ತೋರಿಸಿದರು. ನೀವು ಮಾತ್ರೆಯ ಡಬ್ಬಿಯನ್ನು ಗೂಡಿಗೆ ತಳ್ಳಿ, ಮೂರು ಹೊತ್ತೂ ಮುದ್ದೆಗೆ ಹೇರಳೆ ಗೊಜ್ಜು ನೆಂಚಿಕೊಂಡಿರಿ. ಕಹಿ ಮರೆಸಲು ನೀವು ಹಾಕುತ್ತಿದ್ದ ಅಚ್ಚುಬೆಲ್ಲದ ವಿಷಯ ಪಾಪ ಆ ವಿಡಿಯೊದವನಿಗೆ ಏನು ಗೊತ್ತು? ಸಕ್ಕರೆ ಮುನ್ನೂರು ದಾಟಿ, ಬಚ್ಚಲ ಬಾಗಿಲಲ್ಲಿ ನೀವು ತಲೆ ತಿರುಗಿ ಕುಸಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಆ ಹೆದರಿಕೆಯಲ್ಲೇ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಹಾಕಿ ಏಣಿ ಬಚ್ಚಿಟ್ಟೆ. "ನನ್ ಮನೇಲಿ ನಂಗೇ ಬೆಲ್ಲ ಬಚ್ಚಿಡೋಳು ಬಂದ್ಬುಟ್ಲು ಕಣ್ಲಾ" ಎಂದು ಮಗನ ಮುಂದೆ ಕೂಗಾಡಿ, ಬ್ಯಾಗು ಹಿಡಿದು ಮಗಳ ಮನೆಗೆ ಹೊರಟೇಬಿಟ್ಟಿರಿ. ನಾನೂ ಬಾಯಿ ಮುಚ್ಚಿಕೊಂಡಿರಲಿಲ್ಲ ಬಿಡಿ.

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಹೋದವಳು ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. ಆ ವಿಡಿಯೊದವನ ಮಾತು ಪೂರ್ತಿ ಸುಳ್ಳೇನಲ್ಲವಂತೆ! ಇಂಥ ಹಣ್ಣುಗಳ ಸಿಪ್ಪೆಯಲ್ಲಿ, ಒಳಗಿನ ಬಿಳಿ ಪದರದಲ್ಲಿ ಫ್ಲೇವನಾಯ್ಡ್ ಎಂಬ ಅಂಶ ಇದೆಯಂತೆ. ಸಕ್ಕರೆ ಹತೋಟಿಗೆ ಬರಲು ಅದು ಒಂದಿಷ್ಟು ನೆರವಾಗಬಹುದು, ಮನಸ್ಸಿಗೂ ಗೆಲುವು ಕೊಡಬಹುದು ಎಂದು ಕೆಲವು ಸಂಶೋಧನೆಗಳಲ್ಲಿ ಕಂಡಿದೆಯಂತೆ, ಖಚಿತವಾಗಿ ಹೇಳಲು ಇನ್ನೂ ಆಗುವುದಿಲ್ಲವಂತೆ. "ನಿಮ್ಮತ್ತೆ ತಿನ್ಲಿ, ಆದ್ರೆ ಮಾತ್ರೆ ಬಿಡೋ ಹಾಗಿಲ್ಲ, ಬೆಲ್ಲ ಮುಟ್ಟೋ ಹಾಗಿಲ್ಲ" ಎಂದರು. ಅಂದರೆ ಅರ್ಧ ನೀವು ಗೆದ್ದಿರಿ, ಅರ್ಧ ನಾನು. ತಲೆ ಭಾರವಾದಾಗ ನೀವು ಹೇರಳೆ ಸಿಪ್ಪೆ ಮುರಿದು ಮೂಗಿಗೆ ಹಿಡಿದು "ಈಗ ಜೀವ ಬಂತು ಕಣವ್ವ" ಅನ್ನುತ್ತಿದ್ದಿರಲ್ಲ, ಈಗ ಬೆಳಗ್ಗೆ ಎದ್ದ ಕೂಡಲೇ ನಾನೂ ಅದನ್ನೇ ಮಾಡುತ್ತೇನೆ. ಯಾಕೋ ಕಾಫಿ ವಾಸನೆ ಸೇರುತ್ತಿಲ್ಲ.

ನಿನ್ನೆ ಬೆಲ್ಲ ಹಾಕದೆ ಗೊಜ್ಜು ಮಾಡಿ ನೋಡಿದೆ. ಅಯ್ಯಪ್ಪಾ, ಅದೇನು ಕಹಿ! ನಿಮ್ಮ ಮಗ ಒಂದು ತುತ್ತಿಗೇ ನೀರಿನ ಚೊಂಬು ಎತ್ತಿದರು. ನಿಮ್ಮ ಅವ್ವ ಸಿಪ್ಪೆಯನ್ನು ಉಪ್ಪುನೀರಲ್ಲಿ ನೆನೆಸಿ, ಹಿಂಡಿ, ಬೆಲ್ಲವಿಲ್ಲದೆಯೇ ಮಾಡುತ್ತಿದ್ದರು ಎಂದು ನೀವೇ ಒಮ್ಮೆ ಹೇಳಿದ್ದಿರಿ. ಎಷ್ಟು ಹೊತ್ತು ನೆನೆಸಬೇಕು, ಎಷ್ಟು ಸಲ ಹಿಂಡಬೇಕು ಎಂದು ನನಗೇನು ಗೊತ್ತು? ನಿಮ್ಮ ಬೈಗುಳವಿಲ್ಲದೆ ಅಡುಗೆಮನೆ ಬಿಕೋ ಅನ್ನುತ್ತಿದೆ. ಮನೆಗೆ ಬನ್ನಿ ಅತ್ತೆ, ನೀವು ಬೇಕು.

ಅತ್ತಿಗೆಯವರಿಗೆ ನನ್ನ ನೆನಪು ಹೇಳಿ. ಪುಟ್ಟಿಗೆ ಮುತ್ತು.

ನಿಮ್ಮ ಜೊತೆ ಆಡಬೇಕಾದ ಜಗಳ ಇನ್ನೂ ಬಾಕಿ ಇರುವ,
ಪುಷ್ಪಾ

ಇನ್ನೊಂದು ಮಾತು. ಇದನ್ನು ಪುಟ್ಟಿಯ ಕೈಲಿ ಓದಿಸಬೇಡಿ. ನನಗೀಗ ಮೂರು ತಿಂಗಳು, ನಿಮ್ಮ ಮಗನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಹೇರಳೆ ಗೊಜ್ಜು ತಿನ್ನಬೇಕೆಂದು ಬಯಕೆ, ಅದೂ ನಿಮ್ಮ ಕೈಯದ್ದೇ ಆಗಬೇಕು. ಆದರೆ ಬೆಲ್ಲ ಬೇಡ ಅತ್ತೆ. ಮೊನ್ನೆಯ ಪರೀಕ್ಷೆಯಲ್ಲಿ ನನಗೂ ಶುಗರ್ ಇದೆ ಅಂದರು. ಡಬ್ಬಿ ಅಟ್ಟದ ಮೇಲೇ ಇದೆ. ಬೇಗ ಬಂದು ಏಣಿ ಬಚ್ಚಿಡಿ, ನನ್ನ ಕೈಗೆ ಸಿಗದ ಹಾಗೆ.