ಹತ್ತು ಬೆರಳಿನ ಆರೈಕೆ

ಅಲ್ ಮುರಕ್ಕಬಾತ್, ದುಬೈ
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಯಶ್ಮಿತಾ,

ಹೇಗಿದ್ದೀ? ಸೊಂಟನೋವು ಕಡಿಮೆಯಾಯಿತಾ? ಮಾನ್ಯಳ ಕೆಮ್ಮು ಹೋಯಿತಾ? ಅತ್ತೆ ಶುಗರಿನ ಮಾತ್ರೆ ತೆಗೆದುಕೊಳ್ಳುತ್ತಾರಾ, ಇಲ್ಲಾ ಮಾತ್ರೆ ಮರೆತು ಹೋಳಿಗೆ ನೆನಪಿಟ್ಟುಕೊಳ್ಳುತ್ತಾರಾ? ನಾನು ಸೌಖ್ಯ. ದಿನಾ ಫೋನಿನ ವಿಡಿಯೋದಲ್ಲಿ ಮುಖ ತೋರಿಸುವವನಿಗೆ ಈ ಕಾಗದ ಯಾಕೆ ಎಂದು ಕೇಳಬೇಡ. ರೂಮಿನ ಆನ್ಸೆಲ್ಮ್ ನಾಳೆ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ನಿನಗೊಂದು ಪೆಟ್ಟಿಗೆ ಕಳಿಸುತ್ತಿದ್ದೇನೆ, ಅದರೊಳಗೆ ಇದು. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆ ಉಂಟು. ಫೋನಿನಲ್ಲಿ ಹೇಳಿದರೆ ನೀನು ಅರ್ಧದಲ್ಲೇ ನಗಲು ಶುರು ಮಾಡುತ್ತೀ, ಉಳಿದರ್ಧ ಹೇಳಲು ನನಗೆ ಧೈರ್ಯ ಬರುವುದಿಲ್ಲ.

ಎರಡು ತಿಂಗಳಿಂದ ನೀನು "ನಮ್ಮ ವೀಸಾ ಎಲ್ಲಿಗೆ ಬಂತು" ಎಂದು ಕೇಳಿದಾಗಲೆಲ್ಲ ನಾನು "ಸಿಸ್ಟಮ್ ಡೌನ್" ಎನ್ನುತ್ತಿದ್ದೆನಲ್ಲ, ಅದು ಶುದ್ಧ ಸುಳ್ಳು. ಸಿಸ್ಟಮ್ ಗಟ್ಟಿಯಾಗಿಯೇ ಇತ್ತು, ಕೈಕೊಟ್ಟದ್ದು ನನ್ನ ಬೆರಳು. ಹೊಸ ಕಂಪನಿಗೆ ಸೇರಿದ್ದಕ್ಕೆ ಹೊಸ ಐಡಿ ಆಗಬೇಕು, ಅದಕ್ಕೆ ಬೆರಳಚ್ಚು ಬೇಕು. ನನ್ನ ಐಡಿ ಬಂದರೆ ಮಾತ್ರ ನಿಮ್ಮಿಬ್ಬರ ಅರ್ಜಿ. ಐಡಿ ಆಫೀಸಿಗೆ ಠೀವಿಯಿಂದ ಹೋಗಿ ಯಂತ್ರದ ಗಾಜಿನ ಮೇಲೆ ಕೈ ಇಟ್ಟೆ. ಸ್ಕ್ರೀನಿನಲ್ಲಿ ಗೆರೆಯೇ ಇಲ್ಲ! ಹನ್ನೊಂದು ವರ್ಷ ಇವರ ಸ್ವಿಮ್ಮಿಂಗ್ ಪೂಲ್ ತೊಳೆದ ಕೈ ಮಾರಾಯ್ತಿ, ಕ್ಲೋರಿನ್ ನೀರು ಎಲ್ಲ ತಿಂದು ತೇಗಿತ್ತು. ಕೌಂಟರಿನ ಜುಮಾನಾ ಮೇಡಂ ನನ್ನ ಬೆರಳು ತಿರುಗಿಸಿ ನೋಡಿ, ಕ್ರೀಮು ಹಚ್ಚಿಕೊಂಡು ಎರಡು ವಾರ ಬಿಟ್ಟು ಬಾ ಅಂದರು. ನಿನ್ನ ಕ್ರೀಮಿನ ಡಬ್ಬಿ ನೋಡಿ "ಗೋಡೆಗೆ ಸುಣ್ಣ ಬಳಿಯುತ್ತೀಯಾ" ಎಂದು ತಮಾಷೆ ಮಾಡುತ್ತಿದ್ದವನು ನಾನು. ಮಾಡಿದ್ದುಣ್ಣೋ ಮಹಾರಾಯ! ನನ್ನ ಒರಟು ಕೈಯಿಂದಾಗಿ ನೀವಿಬ್ಬರು ಅಲ್ಲಿ ಕಾಯುವುದು ಎಂದು ಹೇಳಲು ನಿಜಕ್ಕೂ ನಾಚಿಕೆಯಾಯಿತು. ಕಳೆದ ರಜೆಯಲ್ಲಿ ಮಾನ್ಯಳ ಕೆನ್ನೆ ಸವರಿದಾಗ "ಪಪ್ಪನ ಕೈ ಚುಚ್ತದೆ" ಎಂದು ಅವಳು ನಿನ್ನ ಹಿಂದೆ ಅಡಗಿದಳಲ್ಲ? ನೀನು ನಕ್ಕೆ, ನಾನೂ ನಕ್ಕೆ. ಆದರೆ ವಿಮಾನ ಹತ್ತಿದ ಮೇಲೆ ನನಗೆ ನಗು ಬರಲಿಲ್ಲ.

ಸರಿ, ಕ್ರೀಮು ಹುಡುಕಲು ಮಾಲ್‌ಗೆ ಹೋದೆ. ಅಲ್ಲಿಯ ಹುಡುಗಿ ಅಂಗೈಗೆ ಕಡಲೆಕಾಳಿನಷ್ಟು ಸವರಿ "ಸರ್, ಫೀಲ್ ದಿ ಡಿಫರೆನ್ಸ್" ಅಂದಳು. ಬೆಲೆ ಕೇಳಿದೆ, ಚೆನ್ನಾಗಿ ಫೀಲ್ ಆಯಿತು. ಅಷ್ಟು ದುಡ್ಡಿಗೆ ನಮ್ಮ ರೂಮಿನ ನಾಲ್ವರು ಒಂದು ವಾರ ಮೀನೂಟ ಮಾಡಬಹುದು. ಓಡಿ ಬಂದು ನಮ್ಮ ಕೆಳಗಿನ ಫಾರ್ಮಸಿಯ ಶಾಹಿನ ಅವರ ಮುಂದೆ ಕೈ ಚಾಚಿದೆ. ಅವರು ಕಾಸರಗೋಡಿನ ಕಡೆಯವರು, ಕನ್ನಡ ಬರುತ್ತದೆ. ಅವರು ತೆಗೆದುಕೊಟ್ಟ ಬಿಳಿ ಡಬ್ಬಿಯ ಮೇಲೆ ಏನು ಬರೆದಿತ್ತು ಗೊತ್ತಾ? ಯೂರಿಯಾ! ಗದ್ದೆಗೆ ಹಾಕುವುದನ್ನು ಕೈಗೆ ಹಾಕಿದರೆ ಭತ್ತ ಮೊಳೆಯುತ್ತದಾ ಎಂದು ಕೇಳಿದೆ. ಪಾಪ, ಅವರು ನಕ್ಕು ನಕ್ಕು ಹೇಳಿದರು: ದಪ್ಪ ಚರ್ಮ ಮೆತ್ತಗಾಗಲು ಇದೇ ಬೇಕು, ಬಿರುಕಿನ ಮೇಲೆ ಹಚ್ಚಿದರೆ ಉರಿಯುತ್ತದೆ, ಮೊದಲು ಮಣಿಕಟ್ಟಿನ ಒಳಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ, ಪರಿಮಳಕ್ಕೆ ದುಡ್ಡು ಸುರಿಯಬೇಡಿ, ಪರಿಮಳ ಇದ್ದರೆ ನಿಮ್ಮ ಕೈಗೆ ಇನ್ನೂ ತುರಿಕೆ, ಸ್ನಾನವಾದ ಮೇಲೆ ಸಾದಾ ಎಣ್ಣೆ ನೀವಿಕೊಳ್ಳಿ. ಎಣ್ಣೆಗೆ ಪಕ್ಕದ ಗ್ರೋಸರಿಯ ಶಹೀರ್ ಭಾಯಿ ಇದ್ದಾರಲ್ಲ, ಬಣ್ಣ ಬಣ್ಣದ ಕುಪ್ಪಿಗಳನ್ನೆಲ್ಲ ಆಚೆ ಸರಿಸಿ, ಅಡಿಗೆಗೆ ಬಳಸುವ ಸಾದಾ ಎಳ್ಳೆಣ್ಣೆಯನ್ನೇ ಕೊಟ್ಟರು.

ನೀನು ಕಳಿಸಿದ ತೆಂಗಿನೆಣ್ಣೆ ಇರಲಿಲ್ಲವಾ ಎಂದು ಕೇಳುತ್ತೀ. ಇತ್ತು. ಎ.ಸಿ. ರೂಮಿನಲ್ಲಿ ಅದು ಬಿಳೀ ಕಲ್ಲಾಗಿತ್ತು. ನಮ್ಮ ಸುರತ್ಕಲ್ ಸೆಕೆಯಲ್ಲಿ ಹುಟ್ಟಿದವನಿಗೆ ಎಣ್ಣೆ ಕಲ್ಲಾಗುವುದು ಎಲ್ಲಿ ಗೊತ್ತು? ಯಾರೋ ಮೇಣ ಬೆರೆಸಿದ್ದಾರೆ ಎಂದು ಗಾಣದವನಿಗೆ ಮನಸ್ಸಿನಲ್ಲೇ ಬೈದು ಬಿಟ್ಟೆ. ಆನ್ಸೆಲ್ಮ್ ಕುಪ್ಪಿಯನ್ನು ಬಾಲ್ಕನಿಯಲ್ಲಿ ಐದು ನಿಮಿಷ ಇಟ್ಟು ಬಂದ, ನೀರಾಯಿತು. ಗಾಣದವನ ಕ್ಷಮೆ ನೀನೇ ಕೇಳು. ಅಂತೂ ಸ್ನಾನ ಮುಗಿಸಿ ಕೈ ಇನ್ನೂ ಹಸಿ ಇರುವಾಗಲೇ ಎಣ್ಣೆ, ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ನೀವುವುದು, ಅಂಗೈಯ ನಡುವೆ ಹೆಬ್ಬೆರಳಿನಿಂದ ಒತ್ತುವುದು, ಮಲಗುವಾಗ ಯೂರಿಯಾ ಕ್ರೀಮು, ಮೇಲೆ ಹಳೇ ಸಾಕ್ಸು. ಆನ್ಸೆಲ್ಮ್ ನನಗೆ "ಮದುಮಗ" ಎಂದು ಹೆಸರಿಟ್ಟ. ಇಡಲಿ ಬಿಡು. ಇಷ್ಟು ವರ್ಷ ದುಡಿಸಿಕೊಂಡ ಕೈಯನ್ನು ನಾನು ಒಂದು ದಿನವೂ ವಿಚಾರಿಸಿರಲಿಲ್ಲ ಯಶೂ. ನೀವಿಕೊಂಡರೆ ಎಷ್ಟು ಸುಖ ಮಾರಾಯ್ತಿ!

ಎರಡನೇ ಸಲ ಹೋಗುವ ದಿನ ಬಂತು. ಶುಭಕಾರ್ಯಕ್ಕೆ ಎಣ್ಣೆ ಹಚ್ಚದೆ ಹೋಗುವುದುಂಟಾ? ಬೆಳಿಗ್ಗೆ ಎದ್ದವನೇ ನಿನ್ನ ತೆಂಗಿನೆಣ್ಣೆಯನ್ನು ತಲೆಗೆ, ಕೈಗೆ, ಹತ್ತು ಬೆರಳಿಗೆ ದೀಪಾವಳಿಯ ಹಾಗೆ ಧಾರಾಳ ಹಚ್ಚಿದೆ. "ಅರ್ಧ ಗಂಟೆ ಬಿಟ್ಟು ಕಡಲೆಹಿಟ್ಟಿನಲ್ಲಿ ತೊಳೆಯಿರಿ" ಎಂದು ನೀನು ಪ್ರತಿ ಹಬ್ಬಕ್ಕೂ ಹೇಳುತ್ತೀ. ನಿನ್ನ ಮಾತಿನಲ್ಲಿ ಅರ್ಧ ಮಾತ್ರ ಕೇಳುವುದು ನನ್ನ ಹಳೇ ರೋಗ, ಹಾಗೇ ಹೋದೆ. ಗಾಜಿನ ಮೇಲೆ ಕೈ ಇಟ್ಟರೆ ಸುಯ್ಯೆಂದು ಜಾರಿತು! ಸ್ಕ್ರೀನಿನಲ್ಲಿ ಬರೀ ಕಪ್ಪು ಮುದ್ದೆ. ಜುಮಾನಾ ಮೇಡಂ ಟಿಶ್ಯೂ ಡಬ್ಬಿಯನ್ನೇ ನನ್ನ ಕಡೆ ತಳ್ಳಿ, ಒಂದಾದ ಮೇಲೆ ಒಂದು ಟಿಶ್ಯೂ ತೆಗೆದು ಗಾಜು ಒರೆಸುತ್ತಾ "ಖಲಾಸ್, ಖಲಾಸ್, ಇನ್ನೊಂದು ವಾರ" ಅಂದರು. ಹಿಂದಿನ ಸಾಲಿನವರೆಲ್ಲ ನಗುತ್ತಿದ್ದರು. ನನಗೆ ಅಳು ಬಂದಿತ್ತು, ಆ ದಿನವೇ ನಿನಗೆ ಮತ್ತೊಮ್ಮೆ "ಸಿಸ್ಟಮ್ ಡೌನ್" ಎಂದದ್ದು.

ಮೂರನೇ ಸಲ ಹಿಂದಿನ ದಿನವೇ ಎಣ್ಣೆ, ಬೆಳಿಗ್ಗೆ ಕಡಲೆಹಿಟ್ಟು, ಒರೆಸಲು ಒಣ ಬೈರಾಸು. ಒಂದು, ಎರಡು, ಮೂರು ಎಂದು ಹಸಿರು ಗುರುತು ಬೀಳುತ್ತಾ ಹೋಯಿತು. ಎಡಗೈ ಹೆಬ್ಬೆರಳು ಮಾತ್ರ ಸತಾಯಿಸಿತು. ಮೇಡಂ ತಾವೇ ನನ್ನ ಬೆರಳನ್ನು ಒತ್ತಿ ಹಿಡಿದರು. ಹತ್ತನೆಯದೂ ಬಂತು! "ಮಬ್ರೂಕ್" ಅಂದರು, ಇಲ್ಲಿಯವರು ಅಭಿನಂದನೆ ಹೇಳುವುದು ಹಾಗೆ. ನಾನು ಆ ಗಾಜಿಗೇ ಕೈಮುಗಿದು ಬಂದೆ.

ಪೆಟ್ಟಿಗೆಯಲ್ಲಿ ಎರಡು ಡಬ್ಬಿ ಯೂರಿಯಾ ಕ್ರೀಮು ಉಂಟು. ನಿನ್ನ ಹಿಮ್ಮಡಿಗೆ ಒಂದು, ಅತ್ತೆಗೆ ಒಂದು. ಅತ್ತೆ ಡಾಕ್ಟರನ್ನು ಕೇಳಿಯೇ ಹಚ್ಚಲಿ, ಶುಗರಿನ ಕಾಲು. ಇನ್ನು ಮೇಲೆ ಸುಣ್ಣದ ಮಾತು ಎತ್ತುವುದಿಲ್ಲ, ಆಣೆ. ಅತ್ತೆಯ ಕಾಲಿಗೆ ಬಿದ್ದೆ ಎಂದು ಹೇಳು, ಭಾವನಿಗೆ ನನ್ನ ನೆನಪು, ಮಾನ್ಯಳಿಗೆ ಹತ್ತು ಬೆರಳಿಗೆ ಹತ್ತರಂತೆ ಮುತ್ತು.

ನಿನ್ನ ಅರ್ಧ ಮಾತು ಕೇಳುವ ಗಂಡ,
ರೋಷನ್

ಮರೆತೆ, ಆನ್ಸೆಲ್ಮ್ ಪೆಟ್ಟಿಗೆಗೆ ಟೇಪ್ ಹಾಕಲು ನಿಂತಿದ್ದಾನೆ: ಡಬ್ಬಿಗಳಿಗೆ ಸುತ್ತಿದ ಕಾಗದವನ್ನು ಕಸಕ್ಕೆ ಎಸೆಯಬೇಡ, ಬಿಡಿಸಿ ಓದು. ಒಂದು ನಿನ್ನ ವೀಸಾ, ಒಂದು ಮಾನ್ಯಳದ್ದು. ನನ್ನ ಐಡಿ ಸಿಕ್ಕಿದ ಕೂಡಲೇ ಅರ್ಜಿ ಹಾಕಿದ್ದೆ, ನಿನ್ನೆ ಬಂತು. ಅಕ್ಟೋಬರ್ ಮೂರಕ್ಕೆ ಟಿಕೆಟ್ ಮಾಡಿದ್ದೇನೆ. ಏರ್‌ಪೋರ್ಟಿನಲ್ಲಿ ನಾನಾಗಿ ಅವಳ ಕೆನ್ನೆ ಮುಟ್ಟುವುದಿಲ್ಲ. ಕೈ ಚಾಚಿ ನಿಲ್ಲುತ್ತೇನೆ, ಅವಳೇ ಮುಟ್ಟಿ ನೋಡಲಿ. ಪಪ್ಪನ ಕೈ ಈಗ ಚುಚ್ಚುವುದಿಲ್ಲ ಎಂದು ಮೊದಲೇ ಹೇಳಿಡು.